‘ಡೆಟ್’ನಲ್ಲಿ ಬಿ ಯಾಕಿದೆ?

ಮೂರನೇ ಸೆಮಿಸ್ಟರ್‌ನಲ್ಲಿ ನನ್ನದೊಂದು ಸೆಮಿನಾರ್ ಇತ್ತು. ವಿಷಯ ‘ಟೆಕ್ನಿಕಲ್ ಡೆಟ್’. ಆತುರಕ್ಕೆ ಬಿದ್ದು ಹೇಗೋ ಒಂದು ಕೋಡ್ ಬರೆದು ಮುಗಿಸಿದರೆ ಅದು ಸಾಲ ಮಾಡಿದ ಹಾಗೆ, ಮುಂದೆ ಬಡ್ಡಿ ಸಮೇತ ತೀರಿಸಬೇಕಾಗುತ್ತೆ ಅನ್ನೋ ಹೋಲಿಕೆ. 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಕೊಟ್ಟ ಹೋಲಿಕೆ ಅದು. ನಾನು ಚೆನ್ನಾಗಿಯೇ ತಯಾರಾಗಿದ್ದೆ. ಆದರೆ ಮೊದಲನೇ ಸ್ಲೈಡ್‌ನಲ್ಲೇ ‘ಟೆಕ್ನಿಕಲ್ ಡೆಬ್ಟ್’ ಅಂದುಬಿಟ್ಟೆ. ಅಲ್ಲಿ ಬಿ ಇದೆಯಲ್ಲ, ಇದ್ದದ್ದನ್ನು ಇದ್ದಂತೆ ಓದಿದೆ. ಹಿಂದಿನ ಬೆಂಚಿನಿಂದ ಕಿಸಕ್ ಅಂತ ಒಂದು ನಗು ಬಂತು. ವಿಷಯವೇ ಅದಾಗಿದ್ದರಿಂದ ಪ್ರತಿ ಸ್ಲೈಡ್‌ನಲ್ಲೂ ಆ ಪದ ಬಂತು, ಪ್ರತಿ ಸಲವೂ ನಗು ಬಂತು. ನಾನು ಹೊಳಲೂರಿನವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈ ಥರದ ನಗು ನನಗೆ ಹೊಸದಲ್ಲ. ನಿಮ್ಮಲ್ಲೂ ಅರ್ಧ ಜನಕ್ಕೆ ಹೊಸದಿರಲಿಕ್ಕಿಲ್ಲ.

ಆ ರಾತ್ರಿ ರೂಮಿಗೆ ಬಂದು ಮಾಡಿದ ಮೊದಲ ಕೆಲಸ, ಆ ಬಿ ಅಲ್ಲಿ ಯಾಕಿದೆ ಅಂತ ಹುಡುಕಿದ್ದು. ಉತ್ತರ ಸಿಕ್ಕಾಗ ನಗೋ ಸರದಿ ನನ್ನದಾಯಿತು. ಇಂಗ್ಲಿಷಿಗೆ ಆ ಪದ ಬಂದದ್ದು ಫ್ರೆಂಚಿನಿಂದ. ಆಗ ಅದರಲ್ಲಿ ಬಿ ಇರಲಿಲ್ಲ, ಇಂಗ್ಲಿಷಿನವರು ಬರೆಯುವಾಗಲೂ ಇರಲಿಲ್ಲ. ಆಮೇಲೆ ಲ್ಯಾಟಿನ್ ಬಲ್ಲ ಪಂಡಿತರಿಗೆ ಅನ್ನಿಸಿತಂತೆ: ಇದರ ಮೂಲ ಲ್ಯಾಟಿನ್ನಿನ ‘ಡೆಬಿಟುಮ್’, ಅಲ್ಲಿ ಬಿ ಇದೆ, ಇಲ್ಲೂ ಒಂದು ಇರಲಿ, ಘನತೆ ಬರುತ್ತೆ ಅಂತ. ಹಾಗೆ ಕಾಗದದ ಮೇಲೆ ಬಿ ಬಂತು. ಜನರ ಬಾಯಿಗೆ ಬರಲೇ ಇಲ್ಲ. ‘ಡೌಟ್’ನ ಬಿ ಕೂಡ ಹೀಗೆ ಬಂದದ್ದು, ‘ರಿಸೀಟ್’ನ ಪಿ ಕೂಡ. ‘ಐಲೆಂಡ್’ನ ಎಸ್ ಅಂತೂ ಇನ್ನೂ ಮಜಾ. ಆ ಪದಕ್ಕೂ ಲ್ಯಾಟಿನ್ನಿಗೂ ಸಂಬಂಧವೇ ಇಲ್ಲ, ಅದು ಇಂಗ್ಲಿಷಿನದೇ ಹಳೇ ಪದ. ಫ್ರೆಂಚಿನಿಂದ ಬಂದ ‘ಐಲ್’ ನೋಡಿ ಇದಕ್ಕೂ ಒಂದು ಎಸ್ ಅಂಟಿಸಿಬಿಟ್ಟರು.

ಅಂದರೆ ನಾನು ಸೆಮಿನಾರ್‌ನಲ್ಲಿ ಓದಿದ್ದು ಯಾರೂ ಎಂದೂ ಉಚ್ಚರಿಸದ, ಬರೀ ದೊಡ್ಡಸ್ತಿಕೆಗೆ ಸೇರಿಸಿದ ಅಕ್ಷರವನ್ನು. ತಪ್ಪು ನನ್ನದೇ, ಒಪ್ಪಿದೆ. ಆದರೆ ಆ ರಾತ್ರಿಯಿಂದ ಇಂಗ್ಲಿಷ್ ಪದಗಳ ಮೇಲಿದ್ದ ಭಯ ಹೋಗಿ ಕುತೂಹಲ ಶುರುವಾಯಿತು. ಮತ್ತೆ ಇನ್ನೊಂದು ಯೋಚನೆಯೂ ಬಂತು. ಅದನ್ನು ಹೇಳೋಕೇ ಈ ಲೇಖನ: ನಮ್ಮ ಕ್ಯಾಂಪಸ್‌ನಲ್ಲಿ ಕಥೆ ಕವಿತೆ ಬರೆಯುವ ನಾವೆಲ್ಲ, ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ, ಪುಟದ ತುಂಬ ಇಂಥ ‘ಬಿ’ಗಳನ್ನೇ ಸೇರಿಸುತ್ತಿದ್ದೇವೆ. ಬಾಯಲ್ಲಿಲ್ಲದ, ಕಣ್ಣಿಗೆ ಮಾತ್ರ ಕಾಣುವ ಅಲಂಕಾರ. ಬರವಣಿಗೆ ಕಲಿಯೋದು ಅಂದರೆ ಹೊಸ ದೊಡ್ಡ ಪದ ಕಲಿಯೋದಲ್ಲ, ಇರೋ ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋದು ಅಂತ ನನ್ನ ಅಭಿಪ್ರಾಯ.

ಮೊದಲು ಇಂಗ್ಲಿಷಿನ ವಿಷಯವನ್ನೇ ನೋಡೋಣ. ಅದನ್ನು ದೇವರ ಥರ ನೋಡಿ ಕೈಮುಗಿಯೋದನ್ನು ಬಿಟ್ಟರೆ, ಅದು ನಮ್ಮಷ್ಟೇ ಎಡವಟ್ಟು ಮಾಡಿಕೊಂಡು ಬೆಳೆದ ಭಾಷೆ ಅಂತ ಗೊತ್ತಾಗುತ್ತೆ. ಇವತ್ತು ‘ನೈಸ್’ ಅಂದರೆ ಒಳ್ಳೆಯದು. ಮೂಲ ಲ್ಯಾಟಿನ್ ಪದದ ಅರ್ಥ ‘ಏನೂ ಗೊತ್ತಿಲ್ಲದವನು’. ಹಳೇ ಇಂಗ್ಲಿಷಿನಲ್ಲಿ ಯಾರಾದರೂ ನಿಮ್ಮನ್ನು ನೈಸ್ ಅಂದಿದ್ದರೆ ಪೆದ್ದ ಅಂತ ಬೈದ ಹಾಗೆ. ‘ಸಿಲ್ಲಿ’ ಇದರ ಉಲ್ಟಾ: ಒಂದು ಕಾಲಕ್ಕೆ ‘ಪುಣ್ಯವಂತ’ ಅಂತಿದ್ದದ್ದು ಜಾರುತ್ತಾ ಜಾರುತ್ತಾ ಇವತ್ತಿನ ಸ್ಥಿತಿಗೆ ಬಂತು. ‘ಸ್ಯಾಂಕ್ಷನ್’ ಅಂದರೆ ಅನುಮತಿಯೂ ಹೌದು, ನಿರ್ಬಂಧವೂ ಹೌದು. ಲೋನ್ ಸ್ಯಾಂಕ್ಷನ್ ಆದರೆ ಖುಷಿ, ದೇಶದ ಮೇಲೆ ಸ್ಯಾಂಕ್ಷನ್ ಬಿದ್ದರೆ ಸಂಕಟ. ‘ಫಾಸ್ಟ್’ ಓಡುತ್ತೆ, ಅದೇ ‘ಫಾಸ್ಟ್’ ಅಲ್ಲಾಡದ ಹಾಗೆ ಬಿಗಿಯಾಗಿ ಕೂತಿರುತ್ತೆ. ನಮ್ಮ ಮೆಕ್ಯಾನಿಕಲ್ ಗೆಳೆಯರ ‘ಫಾಸ್ಟನರ್’ ಬಂದದ್ದು ಈ ಎರಡನೆಯದರಿಂದ.

ಇದನ್ನೆಲ್ಲ ಓದಿ ‘ಅಬ್ಬಾ ಇಂಗ್ಲಿಷ್!’ ಅಂತ ಬಾಯಿಬಿಡುವ ಮೊದಲು ನಮ್ಮ ‘ಬಿಡು’ ನೋಡಿ. ಮಲ್ಲಿಗೆ ಹೂ ಬಿಟ್ಟಿತು ಅಂದರೆ ಹೂ ಬಂತು. ಅಪ್ಪ ಬೀಡಿ ಬಿಟ್ಟರು ಅಂದರೆ ಬೀಡಿ ಹೋಯಿತು. ಬಸ್ಸು ಬಿಟ್ಟಿತು, ಸ್ಕೂಲು ಬಿಟ್ಟಿತು, ಮಳೆ ಬಿಟ್ಟಿತು, ಅಂಗಿ ಬಣ್ಣ ಬಿಟ್ಟಿತು. ಇಷ್ಟೂ ಸಾಲದೆ ಹಾಸ್ಟೆಲ್‌ನಲ್ಲಿ ಒಬ್ಬ ದಿನಾ ರೈಲು ಬಿಡ್ತಾನೆ. ಹೋಗಲಿ ಬಿಡಿ. ಇಂಗ್ಲಿಷಿನ ಒಂದು ಪದಕ್ಕೆ ಹತ್ತು ಅರ್ಥ ಇದ್ದರೆ ನಾವು ಅದನ್ನು ಸ್ಟೇಟಸ್ ಹಾಕ್ತೀವಿ. ಇದನ್ನು ಮಾತ್ರ ಯಾರೂ ಹಾಕಲ್ಲ, ಯಾಕಂದರೆ ಇದು ದಿನಾ ಬಾಯಲ್ಲಿರೋದು.

ಎಂಜಿನಿಯರಿಂಗ್ ಓದುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಒಂದಿದೆ. ‘ಸೈನ್ ಥೀಟಾ’ ಗೊತ್ತಲ್ವಾ? ಆರ್ಯಭಟನ ಕಾಲದ ನಮ್ಮ ಗಣಿತಜ್ಞರು ಅದನ್ನು ‘ಜ್ಯಾ’ ಅಂತಲೂ ‘ಜೀವಾ’ ಅಂತಲೂ ಕರೆದರು. ಜ್ಯಾ ಅಂದರೆ ಬಿಲ್ಲಿನ ಹಗ್ಗ. ವೃತ್ತದ ಒಂದು ತುಂಡು ಬಿಲ್ಲಾದರೆ ಅದರ ಎರಡು ತುದಿ ಸೇರಿಸುವ ಗೆರೆ ಹಗ್ಗ. ಎಷ್ಟು ಚೆಂದದ ಹೆಸರು! ಚಿತ್ರವೇ ಕಣ್ಣಿಗೆ ಬರುತ್ತೆ. ಅರಬ್ಬರು ಈ ಗಣಿತವನ್ನು ಕಲಿತಾಗ ‘ಜೀವಾ’ವನ್ನು ‘ಜೀಬ’ ಅಂತ ಬರೆದುಕೊಂಡರು. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದಿಲ್ಲವಾದ್ದರಿಂದ ಕಾಗದದ ಮೇಲೆ ಉಳಿದದ್ದು ಜ, ಯ ಮತ್ತು ಬ. ಮುಂದೆ ಓದಿದವರು ಅದನ್ನು ‘ಜೈಬ್’ ಅಂತ ಓದಿಕೊಂಡರು. ಜೈಬ್ ಅಂದರೆ ಅಂಗಿಯ ಎದೆಭಾಗದ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದ ಮಾಡಿದವರು ಮಡಿಕೆಗೆ ತಮ್ಮಲ್ಲಿದ್ದ ‘ಸೈನಸ್’ ಪದ ಹಾಕಿದರು. ಅದೇ ಸೈನ್ ಆಯಿತು. ಇನ್ನು ಆ ಅರಬ್ಬಿ ‘ಜೈಬ್’ ಪಾರಸಿ, ಉರ್ದು ದಾಟಿ ನಮ್ಮ ಕಡೆ ಬಂದು ‘ಜೇಬು’ ಆಗಿ ಕೂತಿದೆ. ಅಂದರೆ ನಾವು ಎಂ-1ರಲ್ಲಿ ಒದ್ದಾಡಿದ್ದು ಜೇಬು ಥೀಟಾ, ಕೋ-ಜೇಬು ಥೀಟಾ ಜೊತೆ! ಒಂದು ತಪ್ಪು ಓದಿನಿಂದ ಬಿಲ್ಲಿನ ಹಗ್ಗ ಅಂಗಿಯ ಜೇಬಾಯಿತು. ನನ್ನ ‘ಡೆಬ್ಟ್’ ಇದರ ಮುಂದೆ ಏನು ಮಹಾ, ಅಲ್ವಾ?

ಈಗ ನನ್ನ ಕಥೆಯ ಕಥೆಗೆ ಬರ್ತೀನಿ.

ಪದಗಳ ಹುಚ್ಚು ಹಿಡಿದ ಮೇಲೆ, ಎರಡನೇ ವರ್ಷದಲ್ಲಿ, ಬೇರೊಂದು ಕಾಲೇಜಿನ ಫೆಸ್ಟ್‌ಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಕಥೆ ಬರೆದೆ. ನಮ್ಮೂರಿನ ಅಡಿಕೆ ಸುಗ್ಗಿಯ ಕಥೆ. ಕೂಲಿಗೆ ಅಡಿಕೆ ಸುಲಿದು ಮಗನನ್ನು ಓದಿಸುವ ಒಬ್ಬ ತಾಯಿ. ಯಾರ ಕಥೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ಸಂಗ್ರಹಿಸಿದ ಚೆಂದಚೆಂದದ ಪದಗಳನ್ನೆಲ್ಲ ಅದರಲ್ಲಿ ಬಳಸಿದೆ. ಸಂಜೆಗೆ ಮೂರು ವಿಶೇಷಣ, ತೋಟಕ್ಕೆ ನಾಲ್ಕು. ಬಹುಮಾನ ಬರಲಿಲ್ಲ. ತೀರ್ಪುಗಾರರ ಮೇಲೆ ಬೇಜಾರಾಯಿತು. ಆಮೇಲೆ ದೀಪಾವಳಿ ರಜೆಗೆ ಊರಿಗೆ ಹೋದೆ.

ಹೊಳಲೂರು ಗೊತ್ತಿಲ್ಲದವರಿಗೆ: ಶಿವಮೊಗ್ಗದಿಂದ ಹೊನ್ನಾಳಿ ರಸ್ತೆಯಲ್ಲಿ ಬಂದರೆ ಸಿಗೋ ಊರು. ಗದ್ದೆ, ಅಡಿಕೆ ತೋಟ. ದೀಪಾವಳಿ ಹೊತ್ತಿಗೆ ಸುಲಿಯೋ ಕೆಲಸ ಜೋರು. ರಾತ್ರಿ ಬಲ್ಬಿನ ಕೆಳಗೆ ಹೆಂಗಸರು ಸಾಲಾಗಿ ಕೂತು ಹಸಿ ಅಡಿಕೆ ಸುಲೀತಾರೆ, ಮಾತು ನಡೀತಾ ಇರುತ್ತೆ, ಕೈಯೂ ನಡೀತಾ ಇರುತ್ತೆ. ನಾನು ಅಮ್ಮನ ಪಕ್ಕ ಸುಮ್ಮನೆ ಕೂತಿದ್ದೆ. ಯಾರೋ ‘ನಿನ್ನ ಮಗ ಕಥೆ ಬರೀತಾನಂತೆ’ ಅಂದರು. ಅಮ್ಮ ‘ಹೌದಾ? ಏನ್ ಬರ್ದಿದೀಯ, ಓದು ಕೇಳಣ’ ಅಂದಳು. ಮೊಬೈಲ್ ತೆಗೆದು, ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡಿಕೊಂಡು ಹೇಳತೊಡಗಿದೆ.

ಮೊದಲನೇ ಪ್ಯಾರಾ ಪೂರ್ತಿ ಸಂಜೆಯ ವರ್ಣನೆ. ಅಮ್ಮನಿಗೆ ಅದನ್ನು ಹೇಗೆ ಹೇಳೋದು? ಕಡುಗೆಂಪು ವಿಷಾದವು ಪುರಾತನ ತೋಪಿನ ಮೇಲೆ ಅವತರಿಸಿತು ಅನ್ನಲಾ? ಎದುರಿಗೆ ಕೂತವರ ಮುಖ ನೋಡಿ ಬಾಯಿ ಬರಲಿಲ್ಲ. ‘ಸಂಜೆ ಆಯ್ತು’ ಅಂದೆ. ‘ಇಷ್ಟುದ್ದ ನೋಡಿ ಅಷ್ಟೇ ಹೇಳದಾ?’ ಅಂತ ಒಬ್ಬರು ಅಂದರು, ಎಲ್ಲ ನಕ್ಕರು. ಆದರೆ ಸಂಜೆ ಆಯ್ತು ಅನ್ನೋದರಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಕಳೆದುಹೋದದ್ದು ಬರೀ ನನ್ನ ಬಿಗಳು.

ಮುಂದಿನ ಸಾಲು: ಅವಳು ಕೈಯಲ್ಲಿ ಚೂರಿ ಹಿಡಿದು ಅಡಿಕೆ ಸುಲಿಯುತ್ತಿದ್ದಳು. ಅಮ್ಮ ಕೈ ನಿಲ್ಲಿಸದೇ ಕೇಳಿದಳು: ‘ಕತ್ತಿ ಕೈಯಲ್ ಹಿಡ್ಕಂಡ್ರೆ ಅಡಿಕೆ ಯಾವ ಕೈಯಲ್ ಹಿಡೀಲಿ?’ ನಾನು ನೋಡಿದೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ಕತ್ತಿ ಒಂದು ಮಣೆಗೆ ನೆಟ್ಟಿರುತ್ತೆ. ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತರೆ ಎರಡೂ ಕೈ ಖಾಲಿ. ಕತ್ತಿ ಅಲ್ಲಾಡಲ್ಲ, ಅಡಿಕೆ ಕತ್ತಿಯ ಮೇಲೆ ತಿರುಗುತ್ತೆ. ಅದಕ್ಕೇ ಅದರ ಹೆಸರು ಮೆಟ್ಟುಗತ್ತಿ. ಇಡೀ ಡಿಸೈನು ಪದದ ಒಳಗೇ ಇದೆ! ಆ ಪದವನ್ನು ಬಿಟ್ಟು ಚೂರಿ ಅಂತ ಬರೆದಿದ್ದಕ್ಕೆ ನನ್ನ ಕಥೆಯ ತಾಯಿ ನಾಲ್ಕು ಪುಟ ಪೂರ್ತಿ ಒಂದೇ ಕೈಯಲ್ಲಿ ಅಡಿಕೆ ಸುಲಿದಿದ್ದಳು. ತೀರ್ಪುಗಾರರಿಗೆ ಮೆಟ್ಟುಗತ್ತಿ ಗೊತ್ತಿರಲಿಕ್ಕಿಲ್ಲ, ಆದರೆ ಸುಳ್ಳು ಎಲ್ಲೋ ಒಂದು ಕಡೆ ವಾಸನೆ ಹೊಡೆದೇ ಹೊಡೆಯುತ್ತೆ.

ಅಡಿಕೆಗೆ ನಾನು ‘ಬೀಟಲ್ ನಟ್’ ಅಂತ ಬರೆದಿದ್ದೆ. ಆಮೇಲೆ ಹುಡುಕಿದರೆ, ಬೀಟಲ್ ಅನ್ನೋದು ಮಲಯಾಳದ ‘ವೆಟ್ಟಿಲ’ ಪೋರ್ಚುಗೀಸರ ಬಾಯಲ್ಲಿ ಆದ ರೂಪ. ವೆಟ್ಟಿಲ ಅಂದರೆ ವೀಳ್ಯದೆಲೆ. ಎಲೆಯ ಹೆಸರನ್ನು ತಗೊಂಡು ಕಾಯಿಗೆ ಇಟ್ಟಿದ್ದಾರೆ, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳೋದನ್ನು ನೋಡಿ. ಇನ್ನೊಂದು ಹೆಸರು ‘ಅರೆಕಾ’. ಅದೂ ಅದೇ ದಾರಿಯಲ್ಲಿ ಹೋದ ಪದ, ಮಲಯಾಳದ ‘ಅಡಯ್ಕ’, ನಮ್ಮ ಅಡಿಕೆಯ ಅಣ್ಣತಮ್ಮ. ಕ್ಯಾಟಮರಾನ್ ಅನ್ನೋ ದೋಣಿ ತಮಿಳಿನ ಕಟ್ಟುಮರ; ಕನ್ನಡದಲ್ಲೂ ಬಿಡಿಸಿ ಓದಿದರೆ ಅರ್ಥ ಆಗುತ್ತೆ. ಮಲ್ಲಿಗಟಾನಿ ಅನ್ನೋ ಸೂಪು ತಮಿಳಿನ ಮಿಳಗುತಣ್ಣಿ, ಅಂದರೆ ಮೆಣಸಿನ ನೀರು, ನಮ್ಮ ಮೆಣಸಿನ ಸಾರಿನ ನೆಂಟ. ನಮ್ಮ ಕಡೆಯ ಪದಗಳು ಹೋಗಿ ಸೂಟು ಬೂಟು ಹಾಕಿಕೊಂಡು ವಾಪಸ್ಸು ಬಂದರೆ ನಾವು ಗುರುತೇ ಹಿಡಿಯಲ್ಲ. ಇನ್ನು ಆ ಒಂದು ‘ಅರೆಕಾ ನಟ್’ ಒಳಗೆ ನಮ್ಮ ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಮುಳುಗಿಹೋಗುತ್ತವೆ. ಪೇಪರಿನ ಧಾರಣೆ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ರೇಟು ಇದೆ. ಮನೆ ನಡೆಯೋದೇ ಆ ವ್ಯತ್ಯಾಸದ ಮೇಲೆ.

ಕಥೆಯ ಕೊನೆಗೆ ಬಂದೆ. ಹಸಿ ಅಡಿಕೆ ಸುಲಿದೂ ಸುಲಿದೂ ತಾಯಿಯ ಬೆರಳು ಕಪ್ಪಾಗಿರುತ್ತೆ. ಮಗನ ಕಾಲೇಜಿಗೆ ಬಂದಾಗ ಆಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ತಾಳೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಸ್ಟೇನ್’ ಅಂತ ಬರೆದಿದ್ದೆ. ಕನ್ನಡದಲ್ಲಿ ‘ಕಲೆ’ ಅಂತ ಹೇಳಿದೆ. ಅಮ್ಮ ‘ಕರೆ ಅನ್ನು’ ಅಂದಳು. ಹೌದಲ್ಲ, ನಮ್ಮ ಕಡೆ ಬಾಳೆಕಾಯಿ ಕರೆ, ಅಡಿಕೆ ಕರೆ ಅಂತಾನೇ ಅನ್ನೋದು. ಕಲೆಯಾದರೆ ತೊಳೆದರೆ ಹೋಗಬಹುದು. ಕರೆ ಹೋಗಲ್ಲ.

ವಾಪಸ್ಸು ಹಾಸ್ಟೆಲ್‌ಗೆ ಬಂದ ಒಂದು ವಾರಕ್ಕೆ ಮೊಬೈಲ್ ರಿಂಗ್ ಆಯಿತು. ನನ್ನ ಫೋನಿನ ಭಾಷೆ ಕನ್ನಡ. ಪರದೆಯ ಮೇಲೆ ‘ಅಮ್ಮ’, ಕೆಳಗೆ ‘ಒಳಬರುವ ಕರೆ’. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಬೆರಳಿನ ಮೇಲಿರೋದೂ ಕರೆ, ಅವಳು ಕೂಗಿದ್ದೂ ಕರೆ. ಹಸುವಿನ ಹಾಲು ಹಿಂಡೋದೂ ಕರೆಯೋದೇ. ಇಂಗ್ಲಿಷಿನ ‘ಸ್ಯಾಂಕ್ಷನ್’ಗೆ ಎರಡು ಅರ್ಥ ಅಂತ ಕುಣಿದಾಡಿದವನಿಗೆ ತನ್ನ ಅಮ್ಮನ ಬಾಯಲ್ಲಿದ್ದ ಪದದ ಮೂರು ಅರ್ಥ ಅಷ್ಟು ದಿನ ಕಂಡಿರಲಿಲ್ಲ. ಫೋನ್ ಎತ್ತೋದು ತಡವಾಗಿ ಬೈಸಿಕೊಂಡೆ, ಅದು ಬೇರೆ ಮಾತು. ಅವತ್ತು ರಾತ್ರಿ ಕಥೆಯನ್ನು ಮೊದಲಿನಿಂದ ಕನ್ನಡದಲ್ಲಿ ಬರೆದೆ. ನಾಲ್ಕು ಪುಟ ಎರಡಾಯಿತು.

ಇಷ್ಟು ಹೇಳಿದರೆ ‘ಹಾಗಾದರೆ ಇಂಗ್ಲಿಷಿನಲ್ಲಿ ಬರೀಬಾರದಾ?’ ಅಂತ ಕೇಳ್ತೀರಿ. ನಾನು ಹಾಗೆ ಹೇಳ್ತಿಲ್ಲ. ಪ್ಲೇಸ್‌ಮೆಂಟ್‌ಗೆ ಇಂಗ್ಲಿಷ್ ಬೇಕು, ಆ ಬಗ್ಗೆ ವಾದವೇ ಇಲ್ಲ. ನಮ್ಮ ಜಿಲ್ಲೆಯ ದೊಡ್ಡ ಲೇಖಕರೇ ಇಂಗ್ಲಿಷನ್ನು ಚೆನ್ನಾಗಿ ಅರೆದು ಕುಡಿದವರು. ತೀರ್ಥಹಳ್ಳಿ ಕಡೆಯ ಕುಪ್ಪಳಿಯಿಂದ ಮೈಸೂರಿಗೆ ಹೋಗಿ ಓದುತ್ತಿದ್ದ ಒಬ್ಬ ಹುಡುಗ ಮೊದಲು ಬರೆದದ್ದು ಇಂಗ್ಲಿಷಿನಲ್ಲೇ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಅಂತ ಪುಸ್ತಕವನ್ನೂ ತಂದ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ಮೆಚ್ಚುಗೆಯ ನಿರೀಕ್ಷೆಯಲ್ಲಿದ್ದವನಿಗೆ ಸಿಕ್ಕಿದ್ದು, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅನ್ನೋ ಪ್ರಶ್ನೆ. ಆ ಹುಡುಗನೇ ಮುಂದೆ ಕುವೆಂಪು ಆದರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದರು. ಕಸಿನ್ಸ್ ಐರ್ಲೆಂಡಿನವರು ಅನ್ನೋದು ಗಮನಿಸಬೇಕಾದ ಮಾತು. ಇಂಗ್ಲಿಷಿನ ಅಬ್ಬರದಲ್ಲಿ ತನ್ನ ಹಳೇ ಭಾಷೆ ಸೊರಗಿದ್ದನ್ನು ನೋಡಿದ ನಾಡಿನ ಮನುಷ್ಯ ಅವರು.

ಅದೇ ತೀರ್ಥಹಳ್ಳಿ ತಾಲ್ಲೂಕಿನ ಯು.ಆರ್. ಅನಂತಮೂರ್ತಿ ಇಂಗ್ಲಿಷ್ ಅಧ್ಯಾಪಕರು. ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು, ಬರೆದದ್ದು ಕನ್ನಡದಲ್ಲಿ. ನಮ್ಮ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶ್ ಕೂಡ ಇಂಗ್ಲಿಷ್ ಮೇಷ್ಟ್ರು. ಫ್ರೆಂಚ್ ಕವಿ ಬೋದಿಲೇರನನ್ನು ಕನ್ನಡಕ್ಕೆ ತಂದರು, 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುಮಾಡಿ ಹಳ್ಳಿಯ ಓದುಗನಿಗೂ ತಲುಪುವ ಗದ್ಯ ಬರೆದರು. ಇವರಿಗೆಲ್ಲ ಇಂಗ್ಲಿಷ್ ಗೊತ್ತಿದ್ದದ್ದು ತೊಡಕಾಗಲಿಲ್ಲ. ಇನ್ನೊಂದು ಭಾಷೆಯ ವಿಚಿತ್ರಗಳನ್ನು ಹತ್ತಿರದಿಂದ ನೋಡಿದ ಕಣ್ಣು ತನ್ನ ಭಾಷೆಯನ್ನೂ ಹೊಸದಾಗಿ ನೋಡುತ್ತೆ. ಪಕ್ಕದ ಮನೆಗೆ ಹೋಗಿ ಬಂದ ಮೇಲೆ ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವ ಹಾಗೆ.

ಇನ್ನು ಆ ಪತ್ರಿಕೆಯಲ್ಲೇ ವರದಿಗಾರ್ತಿಯಾಗಿದ್ದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ನಲ್ಲಿ ಕನ್ನಡ, ಉರ್ದು ಪದಗಳು ಹಾಗೇ ಇವೆ. ಅವಕ್ಕೆ ಓರೆ ಅಕ್ಷರ ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ಅಂದರೆ ಇಂಗ್ಲಿಷಿನಲ್ಲಿ ಬರೆಯುವವರು ಕೂಡ ಇವತ್ತು ‘ಮೆಟ್ಟುಗತ್ತಿ’ ಅಂತಾನೇ ಬರೆಯಬಹುದು. ಓದುವವನು ಅರ್ಥ ಮಾಡಿಕೊಳ್ಳಲಿ. ನಾವು ‘ಐಲೆಂಡ್’ನ ಎಸ್ ಅರ್ಥ ಮಾಡಿಕೊಂಡಿಲ್ವಾ?

ಕನ್ನಡದಲ್ಲಿ ಬರೆಯುವವರೂ ಬೆನ್ನು ತಟ್ಟಿಕೊಳ್ಳಬೇಡಿ. ನಮ್ಮಲ್ಲೂ ಬಿಗಳ ಕಾಟ ಕಡಿಮೆಯೇನಿಲ್ಲ. ನಮ್ಮ ಬಳಗಕ್ಕೆ ಬರೋ ಕಥೆಗಳಲ್ಲಿ ಹತ್ತರಲ್ಲಿ ಆರು ಮುಂಜಾನೆಯ ಇಬ್ಬನಿಯಿಂದ ಶುರುವಾಗುತ್ತವೆ. ಬರೆದವನು ಒಂಬತ್ತು ಗಂಟೆಗೆ ಮುಂಚೆ ಎದ್ದದ್ದು ಯಾರೂ ನೋಡಿಲ್ಲ! ನಾಯಕ ಬಸ್ಸಿಗೆ ಹೋಗಲ್ಲ, ‘ನಿರ್ಗಮಿಸುತ್ತಾನೆ’. ಅಳಲ್ಲ, ‘ಅಶ್ರುತರ್ಪಣ’ ಮಾಡ್ತಾನೆ. ಕ್ಯಾಂಟೀನಿನಲ್ಲಿ ‘ಲೋ ಮಗಾ’ ಅನ್ನುವ ಹುಡುಗರು ಕಥೆಯೊಳಗೆ ‘ಗೆಳೆಯಾ, ನೀನೇಕೆ ಹೀಗೆ?’ ಅಂತಾರೆ. ಸಂಸ್ಕೃತ ಪದ ಬಳಸಬಾರದು ಅಂತಲ್ಲ. ಕುವೆಂಪು ಮಹಾಕಾವ್ಯಕ್ಕೆ ಒಂದು ಕನ್ನಡ ಬಳಸಿದರು, ಮಲೆನಾಡಿನ ಕಾದಂಬರಿಗೆ ಇನ್ನೊಂದು. ಎಲ್ಲಿಗೆ ಯಾವುದು ಅನ್ನೋದು ಅವರಿಗೆ ಗೊತ್ತಿತ್ತು. ನಾವು ಮಾತ್ರ ಎಲ್ಲಾ ಬೋಲ್ಟಿಗೂ ಒಂದೇ ಸ್ಪ್ಯಾನರ್ ಹಾಕ್ತೀವಿ. ಹಾಗೇ ‘ಬಸ್ಸು’, ‘ಲ್ಯಾಬು’, ‘ಬ್ಯಾಕ್‌ಲಾಗ್’ ಅಂತ ಬರೆದರೆ ಕನ್ನಡ ಕೆಡುತ್ತೆ ಅಂತ ಹೆದರುವವರಿಗೂ ಒಂದು ಮಾತು: ‘ಜೇಬು’ ಇಲ್ಲದ ಅಂಗಿ ಹಾಕಿಕೊಂಡು ಓಡಾಡ್ತೀರಾ?

ಎಂಜಿನಿಯರಿಂಗ್ ಓದುವವರಿಗೆ ಸಾಹಿತ್ಯ ಯಾಕೆ ಅನ್ನೋ ಹಳೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮಳೆ ಬಿದ್ದ ಮಣ್ಣಿನ ಘಮಕ್ಕೆ ಇಂಗ್ಲಿಷಿನವರು ಇವತ್ತು ಬಳಸುವ ‘ಪೆಟ್ರಿಕೋರ್’ ಕವಿಗಳು ಕಟ್ಟಿದ ಪದ ಅಲ್ಲ. ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು 1964ರಲ್ಲಿ ಆಸ್ಟ್ರೇಲಿಯಾದಲ್ಲಿ ಸಂಶೋಧನೆ ಮಾಡುತ್ತಾ ಇಟ್ಟ ಹೆಸರು. ನಮ್ಮಲ್ಲಿ ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಮಾಡಿದವರು. ವಸುಧೇಂದ್ರ ಸಾಫ್ಟ್‌ವೇರ್‌ನಲ್ಲಿದ್ದವರು. ವಿವೇಕ ಶಾನಭಾಗ ಎಂಜಿನಿಯರಿಂಗ್ ಓದಿದವರು. ಅವರ ‘ಘಾಚರ್ ಘೋಚರ್’ ಎಂಬ ಹೆಸರು ಯಾವ ನಿಘಂಟಿನಲ್ಲೂ ಇಲ್ಲ, ಒಂದು ಮನೆಯ ಮಕ್ಕಳ ಬಾಯಲ್ಲಿ ಹುಟ್ಟಿದ ಪದ ಅದು. ಆದರೂ ಗಂಟು ಬಿದ್ದ ದಾರದ ಚಿತ್ರ ಕಣ್ಣಿಗೆ ಬರುತ್ತೆ. ಸರಿಯಾದ ಪದಕ್ಕೆ ನಿಘಂಟಿನ ಸರ್ಟಿಫಿಕೇಟ್ ಬೇಕಿಲ್ಲ.

ನನಗೆ ಉಪಯೋಗಕ್ಕೆ ಬಂದ ನಾಲ್ಕು ಅಭ್ಯಾಸ ಹೇಳಿ ಮುಗಿಸ್ತೀನಿ. ಉಪದೇಶ ಅಂದುಕೊಳ್ಳಬೇಡಿ, ಲ್ಯಾಬ್ ಮ್ಯಾನುಯಲ್ ಅಂದುಕೊಳ್ಳಿ.

ಒಂದು, ಪದಗಳ ಪುಸ್ತಕ ಇಡಿ. ಇಂಗ್ಲಿಷ್ ಪದ ಒಂದು ಬರೆದರೆ, ಆ ವಾರ ಮನೆಯಲ್ಲೋ ಬಸ್ಸಿನಲ್ಲೋ ಮೆಸ್ಸಿನಲ್ಲೋ ಕೇಳಿದ ಕನ್ನಡ ಪದ ಒಂದು ಎದುರುಪುಟದಲ್ಲಿ ಬರೆಯಿರಿ. ಭದ್ರಾವತಿಯ ಹುಡುಗರಿಗೆ ಕಾರ್ಖಾನೆಯ ಪದ ಸಿಗುತ್ತೆ, ಕರಾವಳಿಯವರಿಗೆ ಮೀನಿನ ಪದ, ರಾಯಚೂರಿನವರಿಗೆ ಜೋಳದ ಪದ. ಬೆಂಗಳೂರಿನವರು ‘ನಮ್ಮ ಹತ್ರ ಏನಿಲ್ಲ’ ಅನ್ನಬೇಡಿ. ಆಟೋ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲಿ ಸಾಕು.

ಎರಡು, ಬರೆದದ್ದನ್ನು ಗಟ್ಟಿಯಾಗಿ ಓದಿ, ಅದೂ ಯಾರ ಎದುರಿಗಾದರೂ. ಕೋಡ್ ಬರೆಯುವವರಿಗೆ ರಬ್ಬರ್ ಬಾತುಕೋಳಿ ಗೊತ್ತಲ್ಲ? 1999ರಲ್ಲಿ ಬಂದ ‘ದಿ ಪ್ರಾಗ್ಮಾಟಿಕ್ ಪ್ರೋಗ್ರಾಮರ್’ ಪುಸ್ತಕದಿಂದ ಹೆಸರಾದ ಉಪಾಯ. ಮೇಜಿನ ಮೇಲೆ ಆಟದ ಬಾತುಕೋಳಿ ಇಟ್ಟು ಅದಕ್ಕೆ ಕೋಡನ್ನು ಸಾಲುಸಾಲಾಗಿ ವಿವರಿಸಿದರೆ ತಪ್ಪು ತಾನಾಗೇ ಕಾಣುತ್ತೆ. ಕಥೆಗೂ ಅಷ್ಟೇ. ನನಗೆ ಅಡಿಕೆ ಸುಲಿಯೋ ಚಪ್ಪರ ಸಿಕ್ಕಿತು. ನಿಮಗೆ ರೂಮ್‌ಮೇಟ್ ಸಿಗಬಹುದು. ಬಾಯಿ ತೊದಲುವ ಕಡೆ ಒಂದು ಬಿ ಇರುತ್ತೆ, ಗುರುತು ಹಾಕಿಕೊಳ್ಳಿ.

ಮೂರು, ಬರೆದು ಮುಗಿದ ಮೇಲೆ ವಿಶೇಷಣಗಳನ್ನೆಲ್ಲ ಒಂದು ಸಲ ತೆಗೆದು ನೋಡಿ. ತೆಗೆದರೂ ಕಥೆ ನಿಂತರೆ ಅವು ಬೇಕಿರಲಿಲ್ಲ ಅಂತ. ಕುಸಿದರೆ ಅದೊಂದನ್ನು ವಾಪಸ್ಸು ಇಡಿ, ಅದು ಭಾರ ಹೊರೋ ಕಂಬ.

ನಾಲ್ಕು, ಕೆಲಸದ ಬಗ್ಗೆ ಬರೆಯುವಾಗ ಕೆಲಸ ಮಾಡುವವರನ್ನು ಕೇಳಿ. ಕತ್ತಿ ಯಾವ ಕೈಯಲ್ಲಿರುತ್ತೆ ಅಂತ ಕೇಳಿ. ಎಷ್ಟೋ ಸಲ ಕೈಯಲ್ಲಿ ಇರೋದೇ ಇಲ್ಲ.

ಇದರಿಂದ ಎಲ್ಲರೂ ಕುವೆಂಪು ಆಗಲ್ಲ, ನಾನೂ ಆಗಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿದೆ. ನಮ್ಮ ತಲೆಮಾರಿನ ಬಹಳಷ್ಟು ಜನ ಮನೆಯಿಂದ ಹೊರಗೆ ಬಂದು ಓದುತ್ತಿರುವ ಮೊದಲಿಗರು. ನಾವು ಏನು ಓದ್ತೀವಿ, ಮುಂದೆ ಏನು ಕೆಲಸ ಮಾಡ್ತೀವಿ ಅನ್ನೋದು ಮನೆಯವರಿಗೆ ಪೂರ್ತಿ ಅರ್ಥ ಆಗೋದು ಕಷ್ಟ. ಟೆಕ್ನಿಕಲ್ ಡೆಟ್ ಅಂದರೆ ಏನು ಅಂತ ಅಮ್ಮನಿಗೆ ಹೇಳೋಕೆ ನೋಡಿದೆ. ‘ಸಾಲ ಅಂದ್ಮೇಲೆ ತೀರಿಸ್ಬೇಕು’ ಅಂದಳು, ಅಲ್ಲಿಗೆ ಮುಗೀತು. ನಮ್ಮ ಕೆಲಸ ಅವರಿಗೆ ದೂರ, ಅವರ ಕೆಲಸದ ಪದಗಳು ನಮಗೆ ದೂರ ಆಗ್ತಾ ಇವೆ. ಇನ್ನು ನಾವು ಬರೆಯುವ ಕಥೆಯೂ ಅವರು ಕೂತು ಕೇಳೋಕೆ ಆಗದ ಹಾಗಿದ್ದರೆ ನಡುವೆ ಉಳಿಯೋದು ಏನು? ಹಬ್ಬಕ್ಕೆ ಹೋಗಿ ಬರೋ ಬಸ್ ಚಾರ್ಜು ಮಾತ್ರ.

ಕನ್ನಡದಲ್ಲಿ ಮತ್ತೆ ಬರೆದ ಆ ಕಥೆಯನ್ನು ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ಹೊಗಳಲಿಲ್ಲ. ‘ಕಾಲೇಜಿಗ್ ಬಂದಾಗ ನಾನ್ ಕೈ ಮುಚ್ಕಂಡಿದ್ದು ನೀನ್ ನೋಡಿದ್ಯಾ?’ ಅಂದಳು. ನೋಡಿದ್ದೆ. ಹೇಳಿರಲಿಲ್ಲ ಅಷ್ಟೇ.

ನಮ್ಮ ಬಳಗದ ಮುಂದಿನ ಸಭೆಗೆ ಕಥೆ ತರದಿದ್ದರೂ ಪರವಾಗಿಲ್ಲ. ಮನೆಗೆ ಫೋನ್ ಮಾಡಿ, ನಿಮಗೆ ಗೊತ್ತಿಲ್ಲದ ಒಂದು ಪದ ಕೇಳಿಕೊಂಡು ಬನ್ನಿ. ನಾನೂ ಒಂದು ತರ್ತೀನಿ.